ಆಚಂದ್ರಾರ್ಕದ ಮಾತು, ಸಂವಿಧಾನದ ಪ್ರಶ್ನೆ

ತೇರದಾಳದ ನೇಮಿನಾಥ ಬಸದಿಯನ್ನು ಕಟ್ಟಿಸಿದವನು ಗೊಂಕನೆಂಬ ಮಾಂಡಲಿಕ. ಅಲ್ಲಿಯ ಶಾಸನ 1123ರದು, ರಟ್ಟರ ಕಾಲದ್ದು. ನಮ್ಮ ಸೀಮೆಯ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕಟ್ಟು ಗೊತ್ತು. ಕೊಟ್ಟವರು ಯಾರು, ಪಡೆದವರು ಯಾರು, ಹೊಲ ಎಷ್ಟು ಮತ್ತರು, ಮೂಡಲಿಗೆ ಯಾವ ಹಳ್ಳ, ಪಡುವಲಿಗೆ ಯಾವ ಕಲ್ಲು ಎಂಬುದೆಲ್ಲ ಅದರಲ್ಲಿರುತ್ತದೆ. ಕಲ್ಲಿನ ನೆತ್ತಿಯಲ್ಲಿ ಸೂರ್ಯ ಚಂದ್ರರು, ಕರುವಿಗೆ ಹಾಲೂಡುವ ಆಕಳು. ಕೊನೆಗೆ ಶಾಪಾಶಯ. ಕೊಟ್ಟದ್ದನ್ನು ಕಾಯ್ದವನಿಗೆ ಪುಣ್ಯ, ಕಿತ್ತುಕೊಂಡವನಿಗೆ ನರಕ.

ಆ ಶಾಪವನ್ನು ಮೂಢನಂಬಿಕೆ ಎಂದು ಬದಿಗೆ ಸರಿಸಬಾರದು. ದಾನ ಕೊಟ್ಟ ಅರಸ ಸತ್ತ ಮೇಲೆ ಮುಂದಿನ ಅರಸ ಆ ಮಾತನ್ನು ಮುರಿದರೆ ಕೇಳುವವರು ಯಾರು? ಮೇಲೆ ನ್ಯಾಯಾಲಯವಿಲ್ಲ, ಕೈಯಲ್ಲಿ ಕಾನೂನಿನ ಪುಸ್ತಕವಿಲ್ಲ. ಹಾಗಾಗಿ ಸೂರ್ಯ ಚಂದ್ರರನ್ನೇ ಸಾಕ್ಷಿಗೆ ಕರೆದು, ನರಕವನ್ನೇ ದಂಡವಾಗಿ ಬರೆದರು. ಆಚಂದ್ರಾರ್ಕ, ಅಂದರೆ ಚಂದ್ರ ಸೂರ್ಯರು ಇರುವ ತನಕ ನಡೆಯಲಿ ಎಂಬ ಒಕ್ಕಣೆ ಬಂದದ್ದು ಹಾಗೆ. ರಾಜ್ಯಕ್ಕೂ ಧರ್ಮಸಂಸ್ಥೆಗೂ ನಡುವಿನ ಒಪ್ಪಂದದ ನಮ್ಮ ಅತಿ ಹಳೆಯ ನಮೂನೆ ಇದು.

ಆಚಂದ್ರಾರ್ಕ ಎಂಬ ಈ ಒಂದು ಪದವೇ ಸಂವಿಧಾನಕ್ಕೆ ಕಷ್ಟದ ಪದ. ಇಂದು ಆಳುವವರು ಒಂದು ಮಠಕ್ಕೋ ಇಗರ್ಜಿಗೋ ಗುಡಿಗೋ ಕೊಟ್ಟ ಮಾತು, ನಾಳೆ ಮತ ಹಾಕುವವರನ್ನು ಎಲ್ಲಿಯವರೆಗೆ ಕಟ್ಟಿಹಾಕಬಲ್ಲದು? ಯುರೋಪು, ಬ್ರೆಜಿಲ್‌ಗಳಲ್ಲಿ ವ್ಯಾಟಿಕನ್ ಜತೆಗಿನ ಒಪ್ಪಂದಗಳ ಬಗ್ಗೆ ಕಾನೂನು ಪಂಡಿತರು ಎತ್ತಿದ ಆಕ್ಷೇಪಗಳ ಬೇರು ಇಲ್ಲಿದೆ. ಆ ಪ್ರಶ್ನೆ ನಮಗೆ ದೂರದ್ದಲ್ಲ. ಕೃಷ್ಣೆ ಮತ್ತು ಘಟಪ್ರಭೆಯ ನಡುವಿನ ನಮ್ಮ ನಾಲ್ಕು ಊರುಗಳು ಅದನ್ನು ಮೈಮೇಲೆ ಅನುಭವಿಸಿವೆ.

ಈಗ ರಬಕವಿ-ಬನಹಟ್ಟಿ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಒಂದೇ ನಗರಸಭೆ, ಒಂದೇ ತಾಲ್ಲೂಕು, ಎರಡೂ ಕಡೆ ಮಗ್ಗದ ಅದೇ ಸದ್ದು. 1948ಕ್ಕೆ ಮುಂಚೆ ಹಾಗಿರಲಿಲ್ಲ. ರಬಕವಿ ಸಾಂಗಲಿ ಸಂಸ್ಥಾನದ ತೇರದಾಳ ತಾಲ್ಲೂಕಿಗೆ ಸೇರಿತ್ತು, ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ. ಎರಡೂ ಕಡೆ ಆಳುತ್ತಿದ್ದವರು ಪಟವರ್ಧನರೇ, ಆದರೆ ಬೇರೆ ಬೇರೆ ಮನೆತನದ ಕವಲು. ಮುಧೋಳ, ಮಹಾಲಿಂಗಪುರದ ಕಡೆ ಹೋದರೆ ಘೋರ್ಪಡೆಯವರ ರಾಜ್ಯ. ಬೀಳಗಿಗೆ ಬಂದರೆ ಬ್ರಿಟಿಷರ ವಿಜಾಪುರ ಜಿಲ್ಲೆ. ಚಕ್ಕಡಿ ಹೂಡಿ ಹೊರಟವನು ನಾಲ್ಕು ಸರಕಾರಗಳನ್ನು ದಾಟಬೇಕಿತ್ತು. ಬನಹಟ್ಟಿಯ ಕಾಡಸಿದ್ಧೇಶ್ವರನಿಗೆ ಒಬ್ಬ ಅರಸ, ಮಹಾಲಿಂಗಪುರದ ಮಹಾಲಿಂಗೇಶ್ವರನಿಗೆ ಇನ್ನೊಬ್ಬ. ಜಾತ್ರೆಗೆ ಬರುವ ಭಕ್ತರಿಗೆ ಆ ಗಡಿಗಳು ಲೆಕ್ಕಕ್ಕಿರಲಿಲ್ಲ, ಗುಡಿಯ ಹೊಲಕ್ಕೆ ಮಾತ್ರ ಇದ್ದವು.

ಯಾಕೆಂದರೆ ಇನಾಮು, ಉಂಬಳಿ, ವರ್ಷಾಶನಗಳ ಕಾಗದ ಆಯಾ ದರಬಾರಿನದು. ಸನದಿನ ಮೇಲೆ ಸಂಸ್ಥಾನಿಕರ ಮುದ್ರೆ ಇದ್ದರೆ ನಡೆಯಿತು. ಬೀಳಗಿಯ ಕಡೆ ಮಾತ್ರ ಲೆಕ್ಕ ಬೇರೆ. ಅಲ್ಲಿ 1852ರ ಇನಾಮು ಕಾಯ್ದೆಯ ಪ್ರಕಾರ ಹಕ್ಕಿನ ಕಾಗದಗಳನ್ನು ಒರೆಗೆ ಹಚ್ಚಿ ನೋಡಿದರು. ಖಾಸಗಿ ಇನಾಮುದಾರರು ಅನೇಕರು ಅದರಲ್ಲಿ ಸೋತರು. ಗುಡಿ ಮಸೀದಿಗಳ ಖರ್ಚಿಗೆ ಬಿಟ್ಟ ಭೂಮಿಯನ್ನು ಕಾಯಂ ಮುಂದುವರಿಸುವ ನಿಯಮ ಅದೇ ಕಾಯ್ದೆಯಲ್ಲಿತ್ತು. ವ್ಯಾಪಾರಕ್ಕೆಂದು ಬಂದ ಕಂಪನಿಯೂ ದೇವರ ಹೊಲದ ಮುಂದೆ ಆಚಂದ್ರಾರ್ಕವನ್ನು ಒಪ್ಪಿಕೊಂಡಿತು.

1948ರ ಮಾರ್ಚ್ 8ರಂದು ದಖ್ಖನದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಲೀನವಾದವು. ಜಮಖಂಡಿಯಲ್ಲಿ ಆಗ ಶಂಕರರಾವ್ ಪಟವರ್ಧನರು ಅರಸರು. ಸಂಸ್ಥಾನದ ಮಂತ್ರಿಮಂಡಲದ ಮುಖ್ಯಸ್ಥರಾಗಿದ್ದವರು ಸಾವಳಗಿಯ ಬಿ.ಡಿ. ಜತ್ತಿ. ಮುಂದೆ ಮೈಸೂರಿನ ಮುಖ್ಯಮಂತ್ರಿ, ದೇಶದ ಉಪರಾಷ್ಟ್ರಪತಿ, 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾದವರು ಇವರೇ. ಜತ್ತಿಯವರನ್ನು ಇಲ್ಲಿ ನೆನೆಯಲು ಬೇರೆ ಕಾರಣವಿದೆ. ಅರಸರ ರಾಜ್ಯ ಪ್ರಜಾರಾಜ್ಯಕ್ಕೆ ಸೇರುವುದನ್ನು ಒಳಗಿನಿಂದ ಕಂಡ ಅವರೇ, ಮೈಸೂರು ರಾಜ್ಯದ ಗೇಣಿ ಕಾನೂನುಗಳ ಸಮಿತಿಯ ಅಧ್ಯಕ್ಷರಾಗಿ 1961ರ ಭೂಸುಧಾರಣಾ ಕಾಯ್ದೆಗೆ ಬುನಾದಿ ಹಾಕಿದರು. ಬಸವ ಸಮಿತಿಯನ್ನು ಕಟ್ಟಿದ ಶ್ರದ್ಧಾವಂತರೂ ಹೌದು. ಧರ್ಮದ ಮೇಲೆ ಭಕ್ತಿ ಇಟ್ಟುಕೊಂಡೇ, ಉಳುವವನ ಹಕ್ಕನ್ನು ಸನದಿನ ಕೆಳಗೆ ಹೂಳಬಾರದು ಎಂದು ತಿಳಿದವರು ನಮ್ಮ ಸೀಮೆಯಿಂದಲೇ ಬಂದರು ಎಂಬುದು ನನಗೆ ಹೆಮ್ಮೆಯ ಸಂಗತಿ.

ಅರಸ ಹೋದ. ಅವನು ಕೊಟ್ಟ ಮಾತು? ಸಂಸ್ಥಾನಗಳ ಕಾಗದ ಹಿಡಿದು ದೇಶದ ನಾನಾ ಕಡೆಯಿಂದ ಜನ ಕೋರ್ಟಿಗೆ ಹೋದರು. 1954ರಲ್ಲಿ ವೀರೇಂದ್ರ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅವರ ಕಡೆ ವಾಲಿತು. ಸಂವಿಧಾನ ಬಂದ ಮೇಲೆ ಅವರೆಲ್ಲ ಭಾರತದ ಪ್ರಜೆಗಳು, ಅರಸರು ಕೊಟ್ಟ ಊರನ್ನು ಸರಕಾರ ಬರೀ ಒಂದು ಆದೇಶದಿಂದ ಕಿತ್ತುಕೊಳ್ಳುವಂತಿಲ್ಲ ಎಂದಿತು. ಹತ್ತು ವರ್ಷಕ್ಕೆ, 1964ರಲ್ಲಿ, ಗುಜರಾತಿನ ಸಂತ ಸಂಸ್ಥಾನದ ಕಾಡಿನ ಹಕ್ಕುಗಳ ಮೊಕದ್ದಮೆ ಬಂತು. ಅಲ್ಲಿಯ ಅರಸ 1948ರ ಮಾರ್ಚ್‌ನಲ್ಲಿ, ವಿಲೀನಕ್ಕೆ ಸ್ವಲ್ಪವೇ ಮುಂಚೆ, ಜಹಗೀರುದಾರರಿಗೆ ಕಾಡಿನ ಹಕ್ಕು ಬರೆದುಕೊಟ್ಟಿದ್ದ. ಈ ಸಲ ದೊಡ್ಡ ಪೀಠ ತಿರುಗಿ ನಿಂತಿತು. ಹೊಸ ಸಾರ್ವಭೌಮ ಸರಕಾರ ಹಳೆಯ ಅರಸನ ಮಾತಿಗೆ ತಾನಾಗಿ ಬದ್ಧವಲ್ಲ. ಅದು ಒಪ್ಪಿಕೊಂಡರೆ ಮಾತ್ರ ಆ ಹಕ್ಕಿಗೆ ಜೀವ ಎಂದಿತು. ಇದರ ಜತೆಗೆ ಸಂವಿಧಾನದ 363ನೇ ವಿಧಿ ನಿಂತಿದೆ. ಭಾರತ ಸರಕಾರವೂ ಕಕ್ಷಿಯಾಗಿದ್ದ ಸಂಸ್ಥಾನಿಕರ ಒಪ್ಪಂದ, ಕರಾರು, ಸನದುಗಳ ತಕರಾರನ್ನು ಯಾವ ಕೋರ್ಟೂ ವಿಚಾರಿಸುವಂತಿಲ್ಲ ಎನ್ನುತ್ತದೆ ಅದು.

363 ನನಗೆ ಇಂದಿಗೂ ಸರಿಕಾಣದ ವಿಧಿ. ಒಪ್ಪಂದ ಮಾಡಿಕೊಳ್ಳುವುದು, ಆಮೇಲೆ ಕೋರ್ಟಿನ ಬಾಗಿಲು ಹಾಕುವುದು, ಎರಡೂ ಒಂದೇ ಕೈಯ ಕೆಲಸವಾಗಬಾರದು. ಆದರೆ ಅದರ ಹಿಂದಿನ ತರ್ಕ ಬೇರೆ. ಐನೂರಕ್ಕೂ ಹೆಚ್ಚು ಅರಸರು ಸೇರಿ ಮಾಡಿದ ದೇಶದಲ್ಲಿ ಪ್ರತಿಯೊಬ್ಬರ ಕೊನೆಯ ಗಳಿಗೆಯ ದಾನಪತ್ರವೂ ಹೊಸ ಕಾನೂನಿಗಿಂತ ಮೇಲೆ ಕೂತರೆ, ಶಾಸನಸಭೆಗೆ ಉಳಿಯುವ ಕೆಲಸವೇನು?

ಇದೇ ಪ್ರಶ್ನೆಯನ್ನು ಅದೇ ಹೊತ್ತಿಗೆ ಇಟಲಿ ಎದುರಿಸಿತು. 1929ರ ಫೆಬ್ರವರಿ 11ರಂದು ಮುಸೊಲಿನಿ ಮತ್ತು ಪೋಪರ ಪರವಾಗಿ ಕಾರ್ಡಿನಲ್ ಗ್ಯಾಸ್ಪರಿ ಲ್ಯಾಟರನ್ ಒಪ್ಪಂದಕ್ಕೆ ಸಹಿ ಹಾಕಿದರು. ಕ್ಯಾಥೋಲಿಕ್ ಧರ್ಮವೇ ಇಟಲಿಯ ಏಕೈಕ ರಾಜಧರ್ಮ, ಶಾಲೆಯಲ್ಲಿ ಅದರ ಪಾಠ, ಇಗರ್ಜಿಯಲ್ಲಾದ ಮದುವೆಗೆ ಕಾನೂನಿನ ಮಾನ್ಯತೆ ಎಂಬೆಲ್ಲ ಮಾತುಗಳು ಅದರಲ್ಲಿದ್ದವು. ಫ್ಯಾಸಿಸ್ಟರು ಬಿದ್ದರು, ಹೊಸ ಸಂವಿಧಾನ ಬರೆಯಲು ಸಭೆ ಕೂಡಿತು. ಸರ್ವಾಧಿಕಾರಿ ಕೊಟ್ಟ ಮಾತನ್ನು ಪ್ರಜಾಪ್ರಭುತ್ವ ಹೊರಬೇಕೇ? ಎಲ್ಲ ಪ್ರಜೆಗಳೂ ಸಮಾನರು ಎಂದು ಒಂದು ವಿಧಿಯಲ್ಲಿ ಬರೆದು, ಒಂದು ಧರ್ಮಕ್ಕೆ ಮೇಲಿನ ಮಣೆ ಹಾಕುವ ಒಪ್ಪಂದವನ್ನು ಇನ್ನೊಂದರಲ್ಲಿ ಸೇರಿಸಿದರೆ ಎರಡೂ ಒಂದೇ ಪುಸ್ತಕದಲ್ಲಿ ಹೇಗೆ ಬಾಳುತ್ತವೆ ಎಂದು ನ್ಯಾಯಶಾಸ್ತ್ರಜ್ಞ ಕಾಲಮಾಂದ್ರೇಯಿಯಂಥವರು ವಾದಿಸಿದರು. ಆದರೂ 1947ರ ಮಾರ್ಚ್‌ನಲ್ಲಿ 7ನೇ ವಿಧಿ 350ಕ್ಕೆ 149 ಮತಗಳಿಂದ ಅಂಗೀಕಾರವಾಯಿತು. ಕಮ್ಯುನಿಸ್ಟ್ ನಾಯಕ ತೊಲಿಯಾತ್ತಿಯ ಪಕ್ಷವೂ ಪರವಾಗಿಯೇ ಮತ ಹಾಕಿತು. ಧರ್ಮದ ಹೆಸರಿನಲ್ಲಿ ದೇಶ ಒಡೆಯುವುದು ಅವರಿಗೆ ಬೇಡವಾಗಿತ್ತು.

ಆ ವಿಧಿಯ ಒಳಗಂಟು ಇಲ್ಲಿದೆ. ಒಪ್ಪಂದವನ್ನು ಬದಲಿಸಬೇಕಾದರೆ ಎರಡೂ ಕಡೆಯವರು ಒಪ್ಪಬೇಕು. ಇಲ್ಲವೆಂದರೆ ಸಂವಿಧಾನವನ್ನೇ ತಿದ್ದಬೇಕು. ಸಂಸತ್ತು ಬರೀ ಒಂದು ಕಾನೂನು ಮಾಡಿ ಮುಟ್ಟುವಂತಿಲ್ಲ. ಧರ್ಮಸಂಸ್ಥೆಯೊಂದಿಗೆ ಅಂತರರಾಷ್ಟ್ರೀಯ ಒಪ್ಪಂದ ಮಾಡಿಕೊಳ್ಳುವುದಕ್ಕೆ ಇರುವ ಬಲವಾದ ಆಕ್ಷೇಪ ಇದೇ. ಕಾನೂನು ತಪ್ಪಿದರೆ ಮುಂದಿನ ಚುನಾವಣೆಯಲ್ಲಿ ಗೆದ್ದವರು ತಿದ್ದಬಹುದು. ಒಪ್ಪಂದ ತಪ್ಪಿದರೆ ಎದುರು ಕಕ್ಷಿಯ ಕೈ ಹಿಡಿಯಬೇಕು, ಆ ಕಕ್ಷಿಗೆ ನಮ್ಮ ಮತ ಬೇಕಾಗಿಲ್ಲ. ಇಟಲಿಯ ಸಂವಿಧಾನ ನ್ಯಾಯಾಲಯ 1971ರಲ್ಲಿ ಒಂದು ಗೆರೆ ಎಳೆಯಿತು. ಒಪ್ಪಂದಕ್ಕೆ ಸಂವಿಧಾನದ ಆಸರೆ ಇದ್ದರೂ ಸಂವಿಧಾನದ ಪರಮ ತತ್ವಗಳನ್ನು ಅದು ಮೀರುವಂತಿಲ್ಲ ಎಂದಿತು. 1984ರಲ್ಲಿ ಒಪ್ಪಂದ ಪರಿಷ್ಕಾರವಾಗಿ ರಾಜಧರ್ಮದ ಮಾತು ಹೋಯಿತು. ಅದಕ್ಕೆ 55 ವರ್ಷ ಹಿಡಿದಿತ್ತು.

ಬೇರೆ ದೇಶಗಳಲ್ಲೂ ಇದೇ ತಕರಾರು ಎದ್ದಿತು. ಚೆಕ್ ಗಣರಾಜ್ಯ 2002ರಲ್ಲಿ ವ್ಯಾಟಿಕನ್ ಒಪ್ಪಂದಕ್ಕೆ ಸಹಿ ಹಾಕಿತು, ಮರುವರ್ಷ ಅದರ ಸಂಸತ್ತು ತಳ್ಳಿಹಾಕಿತು. ಬ್ರೆಜಿಲ್ 2008ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಸರಕಾರಿ ಶಾಲೆಗಳ ಧರ್ಮಪಾಠದ ವಿಷಯ ಬಂದು, ಅದು ಸುಪ್ರೀಂ ಕೋರ್ಟಿನ ತನಕ ಹೋಗಿ 2017ರಲ್ಲಿ 6ಕ್ಕೆ 5ರಂತೆ ತೀರ್ಪಾಯಿತು. ಆ ಒಂದು ಮತದ ಅಂತರ ನೋಡಿದರೆ ಇದು ಎಷ್ಟು ಸೂಕ್ಷ್ಮದ ತಕರಾರು ಎಂದು ತಿಳಿಯುತ್ತದೆ.

ಕನ್ನಡ ನೆಲಕ್ಕೂ ಇಂಥ ಒಪ್ಪಂದ ಹೊಸದಲ್ಲ. ಕೆಳದಿಯ ಅರಸರು 17ನೇ ಶತಮಾನದಲ್ಲಿ ಪೋರ್ಚುಗೀಸರ ಜತೆ ಮಾಡಿಕೊಂಡ ಕರಾರಿನಲ್ಲಿ ಅಕ್ಕಿ, ಮೆಣಸಿನ ಜತೆಗೆ ಕರಾವಳಿಯಲ್ಲಿ ಇಗರ್ಜಿ ಕಟ್ಟುವ ಅನುಮತಿಯೂ ಸೇರಿತ್ತು. ಪೋರ್ಚುಗಲ್ ಮತ್ತು ಪೋಪರ ನಡುವಿನ ಹಳೆಯ ಏರ್ಪಾಡಿನಂತೆ ಭಾರತದ ಕೆಲವು ಧರ್ಮಪ್ರಾಂತಗಳ ಬಿಷಪರ ನೇಮಕದಲ್ಲಿ ಲಿಸ್ಬನ್ನಿನ ಮಾತು ಸ್ವಾತಂತ್ರ್ಯದ ಬಳಿಕವೂ ನಡೆಯುತ್ತಿತ್ತು. ನಮ್ಮ ದೇಶ ಗಣರಾಜ್ಯವಾದ ವರ್ಷವೇ, 1950ರ ಜುಲೈಯಲ್ಲಿ, ಪೋರ್ಚುಗಲ್ ಆ ಹಕ್ಕನ್ನು ಬಿಟ್ಟುಕೊಟ್ಟಿತು. ಅದೇ ಸರಿ. ಸ್ವತಂತ್ರ ದೇಶದ ಪ್ರಜೆಗಳ ಗುರುವನ್ನು ಹೊರದೇಶದ ಸರಕಾರ ಆರಿಸುವುದು ಎರಡು ದಿನವೂ ನಡೆಯಬಾರದಿತ್ತು.

ಹಾಗಾದರೆ ನಾವು ಯಾವ ದಾರಿ ಹಿಡಿದೆವು? ಹಿಂದೂ ಧರ್ಮದ ಪರವಾಗಿ, ಇಸ್ಲಾಮಿನ ಪರವಾಗಿ, ಜೈನರ ಪರವಾಗಿ ಸಹಿ ಹಾಕುವವರು ಯಾರೂ ಇಲ್ಲ. ಇದ್ದಿದ್ದರೂ ಸಂವಿಧಾನ ಸಭೆ ಆ ದಾರಿ ಹಿಡಿಯುತ್ತಿರಲಿಲ್ಲ ಎಂದು ನನ್ನ ನಂಬಿಕೆ. ಒಪ್ಪಂದದ ಬದಲಿಗೆ ಹಕ್ಕುಗಳನ್ನು ಬರೆದರು. 25ನೇ ವಿಧಿಯಲ್ಲಿ ವ್ಯಕ್ತಿಯ ಶ್ರದ್ಧೆ, 26ರಲ್ಲಿ ಪಂಥಗಳು ತಮ್ಮ ಧರ್ಮದ ವಿಷಯ ತಾವೇ ನೋಡಿಕೊಳ್ಳುವ ಹಕ್ಕು, 27ರಲ್ಲಿ ಯಾವುದೇ ಒಂದು ಧರ್ಮವನ್ನು ಬೆಳೆಸಲೆಂದೇ ತೆಗೆದಿಟ್ಟ ತೆರಿಗೆಯನ್ನು ಕಟ್ಟಲು ಯಾರನ್ನೂ ಬಲವಂತ ಮಾಡಬಾರದೆಂಬ ನಿಯಮ. ಇದರಲ್ಲಿ ಎದುರು ಕಕ್ಷಿ ಎಂಬುದೇ ಇಲ್ಲ. ಗುಡಿಗೂ ಮಠಕ್ಕೂ ಸಿಗುವುದು ಪ್ರಜೆಗಳ ಹಕ್ಕಿನ ಪಾಲು, ಸಾರ್ವಭೌಮನ ಸಮಾನ ಆಸನವಲ್ಲ.

ಈ ವಿಧಿಗಳಿಗೆ ಅರ್ಥ ತುಂಬಿದ ಎರಡು ತೀರ್ಪುಗಳು 1954ರಲ್ಲಿ ಬಂದವು. ಎರಡನ್ನೂ ಬರೆದವರು ನ್ಯಾಯಮೂರ್ತಿ ಬಿ.ಕೆ. ಮುಖರ್ಜಿ. ಒಂದು ನಮ್ಮ ಉಡುಪಿಯ ಶಿರೂರು ಮಠದ್ದು. ಪರ್ಯಾಯದ ಅನ್ನದಾನದ ಖರ್ಚಿನಿಂದ ಮಠ ಸಾಲಕ್ಕೆ ಬಿದ್ದಿತ್ತು. ಮದ್ರಾಸು ಸರಕಾರದ ಧರ್ಮಾದಾಯ ಇಲಾಖೆ ಆಡಳಿತಕ್ಕೆ ಕೈ ಹಾಕಿತು, ಲಕ್ಷ್ಮೀಂದ್ರ ತೀರ್ಥ ಸ್ವಾಮಿಗಳು ಕೋರ್ಟಿಗೆ ಹೋದರು. ಇಲಾಖೆಯ ಅಧಿಕಾರಿ ಬೇಕಾದಾಗ ಮಠದ ಒಳಗೆ, ಪೂಜೆಯ ಜಾಗಕ್ಕೂ ನುಗ್ಗಬಹುದೆಂಬ ಕಲಮನ್ನು ಸುಪ್ರೀಂ ಕೋರ್ಟು ಹೊಡೆದುಹಾಕಿತು. ಧರ್ಮಕ್ಕೆ ಯಾವುದು ಅತ್ಯಗತ್ಯ ಎಂಬುದನ್ನು ಆ ಧರ್ಮದ ತತ್ವಗಳಿಂದಲೇ ತಿಳಿಯಬೇಕು ಎಂದಿತು. ಆಸ್ತಿಯ ಆಡಳಿತ ಮಾತ್ರ ಕಾನೂನಿಗೆ ಒಳಪಟ್ಟದ್ದು.

ಎರಡನೆಯದು ನಮಗೆ ಇನ್ನೂ ಹತ್ತಿರದ್ದು, ಆದರೆ ನಮ್ಮಲ್ಲಿ ಅದರ ಮಾತು ಕಡಿಮೆ. ರತಿಲಾಲ್ ಗಾಂಧಿ ಎಂಬ ಜೈನ ದೇವಾಲಯದ ವಹಿವಾಟದಾರರು, ಜತೆಗೆ ಪಾರ್ಸಿ ಪಂಚಾಯತದ ವಿಶ್ವಸ್ಥರು, 1950ರ ಮುಂಬಯಿ ಸಾರ್ವಜನಿಕ ನ್ಯಾಸಗಳ ಕಾಯ್ದೆಯನ್ನು ಪ್ರಶ್ನಿಸಿದ ಪ್ರಕರಣ ಅದು. ಮುಂಬಯಿ ಕರ್ನಾಟಕಕ್ಕೆಲ್ಲ ಅನ್ವಯಿಸಿದ ಕಾಯ್ದೆ ಇದು. ಪ್ರತಿ ಗುಡಿ, ಮಠ, ವಕ್ಫ್ ನೋಂದಣಿಯಾಗಬೇಕು, ಲೆಕ್ಕ ಇಡಬೇಕು, ಲೆಕ್ಕ ತಪಾಸಣೆ ಮಾಡಿಸಬೇಕು, ಆಸ್ತಿ ಮಾರುವ ಮುಂಚೆ ಧರ್ಮಾದಾಯ ಆಯುಕ್ತರ ಒಪ್ಪಿಗೆ ಪಡೆಯಬೇಕು. ಲೆಕ್ಕ ಕೇಳುವುದು ಸರಿ, ಮೇಲ್ವಿಚಾರಣೆಗಾಗಿ ಪಡೆಯುವ ವಂತಿಗೆಯೂ ಸರಿ, ಅದು ಶುಲ್ಕವೇ ಹೊರತು ತೆರಿಗೆಯಲ್ಲ ಎಂದಿತು ಕೋರ್ಟು. ಆದರೆ ಸರಕಾರಿ ಆಯುಕ್ತರನ್ನೇ ಧಾರ್ಮಿಕ ನ್ಯಾಸದ ವಿಶ್ವಸ್ಥರಾಗಿ ಕೂರಿಸುವ ಕಲಮುಗಳನ್ನು ಎತ್ತಿ ಹೊರಗೆ ಹಾಕಿತು. ದಾನಿ ಒಂದು ಉದ್ದೇಶಕ್ಕೆ ಕೊಟ್ಟ ಹಣವನ್ನು ಅಧಿಕಾರಿ ತನಗೆ ಸರಿ ಕಂಡ ಬೇರೆ ಉದ್ದೇಶಕ್ಕೆ ತಿರುಗಿಸುವುದಕ್ಕೂ ತಡೆ ಹಾಕಿತು.

ಈ ಕಾಯ್ದೆಯ ಒಂದು ಗುಣವನ್ನು ನಾವು ಮರೆತಿದ್ದೇವೆ. ಅದು ಎಲ್ಲ ಧರ್ಮಗಳನ್ನೂ ಒಂದೇ ದಫ್ತರದಲ್ಲಿ ಬರೆಯಿತು. ತೇರದಾಳದ ಬಸದಿ, ಅದೇ ಊರಿನ ಪ್ರಭುಸ್ವಾಮಿ ಗುಡಿ, ಜಮಖಂಡಿಯ ಒಂದು ದರ್ಗಾ, ಮೂರೂ ಒಂದೇ ಕಾಯ್ದೆಯ ವ್ಯಾಪ್ತಿಗೆ ಬರುತ್ತಿದ್ದವು. ನಾಲ್ಕು ಸರಕಾರಗಳ ನಾಲ್ಕು ಬಗೆಯ ಕಾಗದಗಳ ಜಾಗಕ್ಕೆ ಎಲ್ಲರಿಗೂ ಒಂದೇ ಪ್ರಶ್ನೆ ಬಂತು: ಆಸ್ತಿ ಎಷ್ಟು, ಲೆಕ್ಕ ಎಲ್ಲಿ? ಎದುರಿಗೆ ಬಂದ ಭಕ್ತನಿಗೂ ಹಕ್ಕು ಸಿಕ್ಕಿತು. ಹಿತಾಸಕ್ತಿ ಇರುವ ಇಬ್ಬರು ಸೇರಿ, ಆಯುಕ್ತರ ಒಪ್ಪಿಗೆ ಪಡೆದು, ದಾರಿ ತಪ್ಪಿದ ವಿಶ್ವಸ್ಥರ ಮೇಲೆ ದಾವೆ ಹೂಡಬಹುದಿತ್ತು. ಅರಸನೂ ಧರ್ಮಗುರುವೂ ಎದುರುಬದುರು ಕೂತು ಮಾಡುವ ಒಪ್ಪಂದದಲ್ಲಿ ಆ ಇಬ್ಬರು ಭಕ್ತರಿಗೆ ಚಾಪೆ ಹಾಸುವವರಿಲ್ಲ.

ಆದರೂ ನಮ್ಮ ಸಂವಿಧಾನದಲ್ಲೇ ಒಂದು ಆಚಂದ್ರಾರ್ಕ ಉಳಿದುಕೊಂಡಿದೆ. ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳು ಒಂದಾಗುವಾಗ ದೇವಸ್ವಂಗಳಿಗೆ ವರ್ಷಾವರ್ಷ ಹಣ ಕೊಡುವ ಮಾತಾಗಿತ್ತು. ಅದು 1956ರಲ್ಲಿ 290ಎ ವಿಧಿಯಾಗಿ ಸಂವಿಧಾನದಲ್ಲಿ ಕೂತಿತು. ಕೇರಳದ ಬೊಕ್ಕಸದಿಂದ ತಿರುವಾಂಕೂರು ದೇವಸ್ವಂ ನಿಧಿಗೆ ವರ್ಷಕ್ಕೆ 46 ಲಕ್ಷ 50 ಸಾವಿರ ರೂಪಾಯಿ, ತಮಿಳುನಾಡಿಗೆ ಸೇರಿದ ಗುಡಿಗಳಿಗಾಗಿ ಅಲ್ಲಿಯ ಬೊಕ್ಕಸದಿಂದ 13 ಲಕ್ಷ 50 ಸಾವಿರ. 1971ರಲ್ಲಿ 26ನೇ ತಿದ್ದುಪಡಿ ಅರಸರ ರಾಜಧನವನ್ನೇ ರದ್ದು ಮಾಡಿತು. 291 ಹೋಯಿತು, 362 ಹೋಯಿತು. ದೇವರ ಹಣದ 290ಎ ಹಾಗೇ ಉಳಿಯಿತು. ಇದು ಗುಡಿಗಳ ಭೂಮಿ ಸರಕಾರಕ್ಕೆ ಸೇರಿದ್ದಕ್ಕೆ ಪರಿಹಾರ ಎನ್ನುವವರ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಜಮಖಂಡಿಯ ಗುಡಿಗೆ ಸಿಗದ ಸಂವಿಧಾನದ ರಕ್ಷೆ ತಿರುವಾಂಕೂರಿನ ಗುಡಿಗೆ ಏಕೆ? ಅಲ್ಲಿಯ ಅರಸ ಚೌಕಾಸಿಗೆ ಗಟ್ಟಿಯಾಗಿ ಕೂತ, ನಮ್ಮವರು ಕೂರಲಿಲ್ಲ, ಅಷ್ಟೇ. ಹಕ್ಕು ಚೌಕಾಸಿಯ ಬಲದಿಂದ ಬರಬಾರದು ಎನ್ನುವುದೇ ಒಪ್ಪಂದಗಳ ಮೇಲಿನ ನನ್ನ ತಕರಾರು.

ನಮ್ಮ ಕಡೆ ಆದದ್ದು ಬೇರೆ. ಮುಂಬಯಿ ಸರಕಾರದ 1952ರ ವೈಯಕ್ತಿಕ ಇನಾಮು ರದ್ದತಿ ಕಾಯ್ದೆ ದೇವಸ್ಥಾನ ಇನಾಮುಗಳನ್ನು ಮುಟ್ಟಲಿಲ್ಲ. ಕರ್ನಾಟಕದ ಭೂಸುಧಾರಣೆ ಮುಟ್ಟಿತು. 1974ರ ಮಾರ್ಚ್ 1ರಿಂದ ಗೇಣಿಯ ಭೂಮಿಯೆಲ್ಲ ಸರಕಾರಕ್ಕೆ ಸೇರಿ ಉಳುವವನ ಹೆಸರಿಗೆ ಹೋಯಿತು. ಗುಡಿಯ ಹೊಲವೂ ಅದರಲ್ಲಿತ್ತು. ಅದಕ್ಕೆ ಬದಲಾಗಿ ಬಂದದ್ದು ವರ್ಷಾಶನ, ತಸ್ತೀಕು. ಉತ್ತವನಿಗೆ ಹೊಲ ಸಿಕ್ಕಿದ್ದು ನ್ಯಾಯ. ಆ ಹೊಲದ ಉತ್ಪನ್ನದಿಂದ ದೀಪ ಹಚ್ಚುತ್ತಿದ್ದ ಗುಡಿಗೆ ಸರಕಾರ ಕೊಡಬೇಕಾದ್ದು ದಾನವಲ್ಲ, ಋಣ. 27ನೇ ವಿಧಿ ಹಿಡಿದು ಇದನ್ನು ಆಕ್ಷೇಪಿಸುವವರು ಈ ವ್ಯತ್ಯಾಸವನ್ನು ಬಿಟ್ಟುಬಿಡುತ್ತಾರೆ.

ರಾಜ್ಯಕ್ಕೆಲ್ಲ ಒಂದೇ ಕಾನೂನು ಬೇಕೆಂದು 1997ರಲ್ಲಿ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆ ಬಂತು, 2003ರಲ್ಲಿ ಜಾರಿಯಾಯಿತು. ಮೈಸೂರು, ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು ಹೀಗೆ ಐದು ಕಡೆಯ ಹಳೆಯ ಏರ್ಪಾಡುಗಳನ್ನು ಅದು ಹಿಂದೂ ಸಂಸ್ಥೆಗಳ ಮಟ್ಟಿಗೆ ತೆಗೆದುಹಾಕಿತು. ಆದರೆ ಮಠಗಳನ್ನು ಹೊರಗೆ ಬಿಟ್ಟಿತು. 2006ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಇಡೀ ಕಾಯ್ದೆಯನ್ನೇ ಅಸಾಂವಿಧಾನಿಕ ಎಂದಿತು. ಗುಡಿಗೆ ಒಂದು, ಮಠಕ್ಕೆ ಒಂದು ಎಂಬ ಭೇದವೂ ಅದರ ಕಾರಣಗಳಲ್ಲಿ ಸೇರಿತ್ತು. ಸರಕಾರ ಸುಪ್ರೀಂ ಕೋರ್ಟಿಗೆ ಹೋಗಿ ತಡೆ ತಂದಿತು, 2011ರಲ್ಲಿ ಕಾಯ್ದೆ ತಿದ್ದಿತು. ಮಠಗಳನ್ನು ಏಕೆ ಬಿಟ್ಟರು ಎಂದು ಕೇಳಬೇಕಿಲ್ಲ. ಕಾಗದದ ಮೇಲೆ ಬರೆಯದ ಒಪ್ಪಂದಗಳೂ ಇರುತ್ತವೆ, ಚುನಾವಣೆ ಹತ್ತಿರ ಬಂದಾಗ ಅವು ಕಣ್ಣಿಗೆ ಬೀಳುತ್ತವೆ. ಬರೆಯದ ಒಪ್ಪಂದವನ್ನು ಕೋರ್ಟಿನ ಮುಂದೆ ಇಡುವುದೂ ಕಷ್ಟ.

2024ರ ಫೆಬ್ರವರಿಯಲ್ಲಿ ದೊಡ್ಡ ಗುಡಿಗಳ ಆದಾಯದ ಪಾಲನ್ನು ಸಾಮಾನ್ಯ ಸಂಗ್ರಹಣ ನಿಧಿಗೆ ಪಡೆಯುವ ತಿದ್ದುಪಡಿ ವಿಧಾನ ಪರಿಷತ್ತಿನಲ್ಲಿ ಬಿತ್ತು, ಅದೇ ತಿಂಗಳಲ್ಲಿ ಮತ್ತೆ ಮಂಡನೆಯಾಗಿ ಪಾಸಾಯಿತು, ರಾಜ್ಯಪಾಲರ ಬಳಿಗೆ ಹೋಯಿತು. ಟಿ.ವಿ.ಯಲ್ಲಿ ಗದ್ದಲವೆಲ್ಲ ಕೋಟಿ ಆದಾಯದ ಗುಡಿಗಳದ್ದು. ರಾಜ್ಯದ ಮುಜರಾಯಿ ಗುಡಿಗಳಲ್ಲಿ ಸುಮಾರು 34,000 ಕಡಿಮೆ ಆದಾಯದ ಸಿ ವರ್ಗದವು. ಬೀಳಗಿ, ಮುಧೋಳದ ಹಳ್ಳಿಗಳ ಹನುಮಪ್ಪ, ಬಸವಣ್ಣ, ದುರ್ಗವ್ವರ ಗುಡಿಗಳು ಆ ಮಟ್ಟದವೇ. ಅವುಗಳ ಅರ್ಚಕರಿಗೆ ವರ್ಷಕ್ಕೆ 60,000 ಇದ್ದ ತಸ್ತೀಕನ್ನು 2025ರ ಬಜೆಟ್ಟಿನಲ್ಲಿ 72,000 ಮಾಡಿದರು. ತಿಂಗಳಿಗೆ 6,000 ರೂಪಾಯಿ. ಎಣ್ಣೆ, ಹೂವು, ಕರ್ಪೂರ, ಪೂಜಾರಿಯ ಹೊಟ್ಟೆಪಾಡು ಎಲ್ಲ ಅದರೊಳಗೇ. ಮಂಜೂರಾತಿ ಪತ್ರದಲ್ಲಿ ಸೂರ್ಯ ಚಂದ್ರರಿಲ್ಲ, ಶಾಪವೂ ಇಲ್ಲ. ಹಣ ಬಾರದಿದ್ದರೆ ಪೂಜಾರಿ ತಹಶೀಲ್ದಾರರ ಕಚೇರಿಗೆ ಹೋಗಿ ಅರ್ಜಿ ಕೊಡುತ್ತಾನೆ, ಅದಕ್ಕೂ ಉತ್ತರ ಬಾರದಿದ್ದರೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುವ ಬಸ್ಸು ಹತ್ತಬಹುದು.